ಹೇಳುವವರೂ ಕೇಳುವವರೂ

ಕನ್ನಡದಲ್ಲಿ ‘ಕೇಳು’ ಎಂಬ ಧಾತುವು ಹೊತ್ತಿರುವಷ್ಟು ಹೊರೆಯನ್ನು ಬೇರೆ ಧಾತುಗಳು ಹೊತ್ತಿರುವುದು ಅಪೂರ್ವ. ಕಿವಿಗೆ ಬಿದ್ದುದನ್ನು ಗ್ರಹಿಸುವುದೂ ಕೇಳುವುದೇ. ತಿಳಿಯದುದನ್ನು ಪ್ರಶ್ನಿಸುವುದೂ ಕೇಳುವುದೇ. ಬೇಕಾದುದನ್ನು ಬೇಡುವುದೂ ಕೇಳುವುದೇ. ಹಿರಿಯರು ಹೇಳಿದಂತೆ ನಡೆಯುವುದೂ ಅವರ ಮಾತನ್ನು ಕೇಳುವುದೇ. ದಿಕ್ಕಿಲ್ಲದೆ ಅಲೆಯುವವನನ್ನು ಕಂಡರೆ ನಮ್ಮ ಜನರು ‘ಪಾಪ, ಅವನಿಗೆ ಹೇಳುವವರಿಲ್ಲ, ಕೇಳುವವರಿಲ್ಲ’ ಎನ್ನುತ್ತಾರೆ. ಈ ನುಡಿಗಟ್ಟನ್ನು ಮೊದಲು ಆಡಿದವರು ಯಾರೋ, ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಒಬ್ಬನು ಬಾಳಬೇಕಾದರೆ ಅವನಿಗೆ ಹೇಳುವವರೂ ಬೇಕು, ಕೇಳುವವರೂ ಬೇಕು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಅವನು ಅನಾಥನೇ ಸರಿ. ಆದರೆ ನಮ್ಮ ನಮ್ಮ ಸಂಸಾರಗಳ ಲೆಕ್ಕವನ್ನು ತೆಗೆದು ನೋಡಿದರೆ, ಹೇಳುವವರು ಮನೆತುಂಬ ಇರುವರು. ಕೇಳುವವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು.

ಈ ಕೇಳುವಿಕೆಯನ್ನೇ ಅಡಿಗಲ್ಲಾಗಿ ಮಾಡಿಕೊಂಡು ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೇರಿಕೆಯಲ್ಲಿ ಮನಶ್ಶಾಸ್ತ್ರದ ಒಂದು ಶಾಖೆಯು ಬೆಳೆದು ನಿಂತಿತು. ಅದನ್ನು ಮಾನವತಾವಾದಿ ಮನೋವಿಜ್ಞಾನವೆಂದು ಕರೆಯುವರು. ನಾನು ಆ ಶಾಸ್ತ್ರದಲ್ಲಿ ಪಂಡಿತನಲ್ಲ. ಮೂವತ್ತೊಂದು ವರ್ಷ ಹುಡುಗರಿಗೆ ಕನ್ನಡ ಪಾಠ ಹೇಳಿ, ವಿಶ್ರಾಂತಿ ದೊರೆತ ಮೇಲೆ, ಮಿತ್ರರೊಬ್ಬರ ಪುಸ್ತಕದ ಬೀರುವಿನಲ್ಲಿ ಕಾರ್ಲ್ ರಾಜರ್ಸ್ ಎಂಬಾತನ ಗ್ರಂಥಗಳನ್ನು ಕಂಡು, ಕುತೂಹಲದಿಂದ ಮನೆಗೆ ತಂದು ಓದಿದವನು. ಓದುತ್ತ ಓದುತ್ತ, ನಮ್ಮ ಮನೆಯೊಳಗೇ ನಡೆದ ಒಂದು ಸಂಗತಿಯ ಅರ್ಥವು ನನಗೆ ಹೊಳೆಯಿತು. ಆ ಸಂಗತಿಯನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಈ ಶಾಸ್ತ್ರವು ಹುಟ್ಟಿದ ಬಗೆಯನ್ನು ವಾಚಕರ ಮುಂದೆ ಇಡುವುದು ಯುಕ್ತವಾದೀತು.

ಆ ಕಾಲದ ಮನಶ್ಶಾಸ್ತ್ರದಲ್ಲಿ ಎರಡು ಪಂಥಗಳು ಪ್ರಬಲವಾಗಿದ್ದುವು. ವಿಯೆನ್ನಾ ನಗರದ ಫ್ರಾಯ್ಡ್ ಮಹಾಶಯನು ಸ್ಥಾಪಿಸಿದ ಮನೋವಿಶ್ಲೇಷಣೆಯು ಒಂದು. ಮನುಷ್ಯನ ನಡೆನುಡಿಗಳ ಬೇರುಗಳು ಅವನಿಗೇ ಗೋಚರವಾಗದ ಕತ್ತಲೆಯ ನೆಲಮಾಳಿಗೆಯಲ್ಲಿವೆ, ಬಾಲ್ಯದಲ್ಲಿ ಅದುಮಿಟ್ಟ ಆಸೆಗಳೇ ಅಲ್ಲಿಂದ ಅವನನ್ನು ಆಡಿಸುತ್ತವೆ ಎಂಬುದು ಅದರ ಮತ. ಇನ್ನೊಂದು, ಅಮೇರಿಕೆಯ ವಾಟ್ಸನ್ ಎಂಬವನು 1913ರಲ್ಲಿ ಸಾರಿದ ವರ್ತನಾವಾದ. ಮನಸ್ಸೆಂಬುದು ಕಣ್ಣಿಗೆ ಕಾಣದು, ಅಳತೆಗೆ ಸಿಕ್ಕದು. ಆದಕಾರಣ ಹೊರಗಿನ ಪ್ರಚೋದನೆಯನ್ನೂ ಅದಕ್ಕೆ ಪ್ರಾಣಿಯು ತೋರುವ ಪ್ರತಿಕ್ರಿಯೆಯನ್ನೂ ಮಾತ್ರ ಪರೀಕ್ಷಿಸತಕ್ಕದ್ದು ಎಂದು ಈ ಪಂಥದವರ ವಾದ. ಎರಡು ಪಂಥಗಳೂ ಪರಸ್ಪರ ವಿರುದ್ಧವಾದುವೇ ಸರಿ. ಆದರೂ ಒಂದು ವಿಷಯದಲ್ಲಿ ಎರಡಕ್ಕೂ ಒಮ್ಮತವಿದ್ದಿತು. ನೊಂದವನು ತನ್ನನ್ನು ತಾನು ಅರಿಯನು. ಅವನನ್ನು ಅರಿತವನು ಎದುರಿಗೆ ಕುಳಿತ ತಜ್ಞನೇ ಎಂಬುದೇ ಆ ಒಮ್ಮತ.

ಈ ಮಾತನ್ನು ಒಪ್ಪದವರು ಮೆಲ್ಲಮೆಲ್ಲನೆ ಒಂದುಗೂಡಿದರು. ತಮ್ಮದು ಮನಶ್ಶಾಸ್ತ್ರದ ‘ಮೂರನೆಯ ಶಕ್ತಿ’ ಎಂದು ಅವರು ಕರೆದುಕೊಂಡರು. 1961ರಲ್ಲಿ ಅವರದೊಂದು ಪತ್ರಿಕೆಯು ಹೊರಟಿತು. 1964ರ ನವೆಂಬರ್ ತಿಂಗಳಲ್ಲಿ ಕನೆಕ್ಟಿಕಟ್ ಸಂಸ್ಥಾನದ ಓಲ್ಡ್ ಸೇಬ್ರೂಕ್ ಎಂಬ ಸಣ್ಣ ಊರಿನಲ್ಲಿ ಸೇರಿದ ಅವರ ಸಭೆಗೆ ರಾಜರ್ಸ್, ಏಬ್ರಹಾಮ್ ಮಾಸ್ಲೋ, ರೋಲೋ ಮೇ ಮೊದಲಾದವರು ಬಂದಿದ್ದರು.

ಇವರಲ್ಲಿ ಮಾಸ್ಲೋವಿನ ಹೆಸರನ್ನು ಇಂದು ಶಿಕ್ಷಕರ ತರಬೇತಿಯಲ್ಲಿಯೂ ವ್ಯಾಪಾರದ ಆಡಳಿತವನ್ನು ಕಲಿಸುವ ಕಾಲೇಜುಗಳಲ್ಲಿಯೂ ಕೇಳದವರು ವಿರಳ. ಹಸಿವು ನೀರಡಿಕೆಗಳ ನಿವಾರಣೆ, ನಿರ್ಭಯವಾದ ಬಾಳು, ಪ್ರೀತಿ, ಮರ್ಯಾದೆ, ಕೊನೆಗೆ ತನ್ನಲ್ಲಿ ಅಡಗಿರುವ ಶಕ್ತಿಯು ಪೂರ್ಣವಾಗಿ ಅರಳುವುದು, ಹೀಗೆ ಮನುಷ್ಯನ ಬೇಡಿಕೆಗಳನ್ನು ಆತನು 1943ರ ಒಂದು ಲೇಖನದಲ್ಲಿ ಕ್ರಮವಾಗಿ ಎಣಿಸಿದನು. ಈ ಕ್ರಮವು ಎಲ್ಲರಲ್ಲಿಯೂ ಒಂದೇ ತೆರನಾಗಿರಬೇಕೆಂಬ ನಿಯಮವಿಲ್ಲವೆಂದು ಅದೇ ಲೇಖನದಲ್ಲಿ ಎಚ್ಚರಿಸಿಯೂ ಇದ್ದನು. ಆದರೆ ಅನಂತರದವರು ಅದನ್ನು ಗೋಪುರದಂತಹ ಒಂದು ತ್ರಿಕೋಣದಲ್ಲಿ ಬರೆದು, ಮೆಟ್ಟಿಲು ಮೆಟ್ಟಿಲಾಗಿ ಏರತಕ್ಕ ಏಣಿಯನ್ನಾಗಿ ಮಾಡಿಬಿಟ್ಟರು. ಮಾಸ್ಲೋವಿನ ಲೇಖನದಲ್ಲಿ ಆ ಚಿತ್ರವಿಲ್ಲ. ಆತನ ನಿಜವಾದ ಕೊಡುಗೆಯು ಬೇರೊಂದು ಮಾತಿನಲ್ಲಿದೆ. ರೋಗಿಗಳನ್ನು ಮಾತ್ರ ನೋಡಿ ಮನುಷ್ಯನ ಅಳತೆಯನ್ನು ಗೊತ್ತುಮಾಡಬಾರದು, ಆರೋಗ್ಯವಂತರನ್ನೂ ಬಾಳಿನಲ್ಲಿ ಅರಳಿದವರನ್ನೂ ನೋಡಬೇಕು ಎಂದು ಆತನು ಹೇಳಿ, ಲಿಂಕನ್, ಐನ್‌ಸ್ಟೈನ್ ಮುಂತಾದವರ ಬಾಳನ್ನು ಪರಿಶೀಲಿಸಿದನು. ಆದರೂ ಗೃಹಸ್ಥರಾದ ನಮಗೆ ಮಾಸ್ಲೋವಿಗಿಂತ ರಾಜರ್ಸನು ಹತ್ತಿರದವನೆಂದು ನನಗೆ ತೋರುತ್ತದೆ. ಏಕೆಂದರೆ ಆತನು ಕೆಲಸಮಾಡಿದುದು ಎರಡು ಕುರ್ಚಿಗಳ ನಡುವಣ ಮಾತಿನಲ್ಲಿ.

ರಾಜರ್ಸನು 1902ರಲ್ಲಿ ಚಿಕಾಗೋ ನಗರದ ಬಳಿಯ ಓಕ್ ಪಾರ್ಕಿನಲ್ಲಿ ಹುಟ್ಟಿದನು. ಮನೆಯವರು ಕಟ್ಟುನಿಟ್ಟಾದ ಕ್ರೈಸ್ತ ಆಚಾರವಂತರು. ಆತನಿಗೆ ಹನ್ನೆರಡು ವರ್ಷವಾದಾಗ ತಂದೆಯು ಸಂಸಾರವನ್ನು ಹಳ್ಳಿಗೆ ಸಾಗಿಸಿ ಒಕ್ಕಲುತನದ ಭೂಮಿಯಲ್ಲಿ ನೆಲಸಿದನು. ಹುಡುಗನು ಮೊದಲು ಓದತೊಡಗಿದುದು ವ್ಯವಸಾಯಶಾಸ್ತ್ರವನ್ನು. ಬಳಿಕ ಧರ್ಮೋಪದೇಶಕನಾಗಬೇಕೆಂದು ನ್ಯೂಯಾರ್ಕಿನ ಮತಪಾಠಶಾಲೆಯನ್ನು ಸೇರಿದನು. ಅದನ್ನೂ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದನು. ಹೊಲವನ್ನು ಬಿಟ್ಟರೂ ಹೊಲದ ಬುದ್ಧಿಯು ಆತನನ್ನು ಬಿಟ್ಟಂತೆ ಕಾಣುವುದಿಲ್ಲ. ರೈತನು ಪೈರನ್ನು ಎಳೆದು ಉದ್ದಮಾಡಲಾರನು. ನೆಲವನ್ನು ಹದಗೊಳಿಸಬಲ್ಲನು, ನೀರನ್ನು ಹಾಯಿಸಬಲ್ಲನು. ಬೆಳೆಯುವ ಕೆಲಸವು ಪೈರಿನದೇ. ಮುಪ್ಪಿನಲ್ಲಿ, 1980ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಆತನು ತನ್ನ ಬಾಲ್ಯದ ಒಂದು ನೆನಪನ್ನು ಹೇಳಿಕೊಂಡಿರುವನು. ಚಳಿಗಾಲಕ್ಕೆಂದು ನೆಲಮಾಳಿಗೆಯಲ್ಲಿ ಕೂಡಿಹಾಕಿದ ಆಲೂಗೆಡ್ಡೆಗಳು, ಮಣ್ಣಿಲ್ಲ ನೀರಿಲ್ಲವಾದರೂ, ಬಿಳಿಚಿಕೊಂಡ ಮೊಳಕೆಗಳನ್ನು ಬಿಟ್ಟು, ಎರಡು ಮೂರು ಅಡಿ ಉದ್ದ ಬೆಳೆದು, ಎತ್ತರದಲ್ಲಿದ್ದ ಸಣ್ಣ ಕಿಟಕಿಯ ಬೆಳಕಿನ ಕಡೆಗೆ ಕೈಚಾಚುತ್ತಿದ್ದುವಂತೆ. ಅವು ಎಂದಿಗೂ ಗಿಡಗಳಾಗಲಾರವು. ಆದರೂ ಬೆಳೆಯುವ ಹಂಬಲವನ್ನು ಬಿಡವು. ಸರಕಾರದ ಹುಚ್ಚಾಸ್ಪತ್ರೆಗಳ ಹಿಂದಣ ಕೊಠಡಿಗಳಲ್ಲಿ ಬಾಳು ಮುರುಟಿದವರನ್ನು ಕಂಡಾಗಲೆಲ್ಲ ಆ ಮೊಳಕೆಗಳು ಆತನ ಕಣ್ಣಮುಂದೆ ಬರುತ್ತಿದ್ದುವು. ವಿಕಾರವಾಗಿ ಕಾಣುವ ನಡತೆಯೂ ಬೆಳಕಿಗಾಗಿ ಚಾಚಿದ ಕೈ ಆಗಿರಬಹುದೆಂಬುದು ಆತನ ಸಿದ್ಧಾಂತದ ಸಾರ.

ಈ ಸಿದ್ಧಾಂತವು ಗ್ರಂಥಗಳಿಂದ ಬಂದುದಲ್ಲ; ಸೋಲಿನಿಂದ ಬಂದುದು. 1928ರಿಂದ ಹನ್ನೆರಡು ವರ್ಷ ರಾಜರ್ಸನು ರಾಚೆಸ್ಟರ್ ನಗರದಲ್ಲಿ ತುಂಟಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಪರೀಕ್ಷಿಸಿ ದಾರಿಗೆ ತರುವ ಕೆಲಸದಲ್ಲಿದ್ದನು. ಅಲ್ಲಿಗೆ ಒಬ್ಬ ತಾಯಿ ತನ್ನ ಉಪದ್ರವಿಯಾದ ಮಗನ ವಿಷಯವಾಗಿ ಬರುತ್ತಿದ್ದಳು. ಬುದ್ಧಿವಂತಳಾದ ಹೆಂಗಸು. ಎಳವೆಯಲ್ಲಿ ಮಗುವನ್ನು ಆಕೆಯು ಅಂತರಂಗದಲ್ಲಿ ಒಲ್ಲದೆ ಹೋದುದೇ ಹುಡುಗನ ತುಂಟತನಕ್ಕೆ ಕಾರಣವೆಂದು ರಾಜರ್ಸನಿಗೆ ಸ್ಪಷ್ಟವಾಗಿದ್ದಿತು. ಅದನ್ನು ಆಕೆಗೆ ಮನಗಾಣಿಸಲು ಎಷ್ಟೋ ವಾರಗಳು ನಯದಿಂದ ಪ್ರಯತ್ನಿಸಿದನು. ಆಕೆಗೆ ಅದು ಹಿಡಿಸಲಿಲ್ಲ. ಕೊನೆಗೆ ಆತನು, ನಾವಿಬ್ಬರೂ ಶಕ್ತಿಮೀರಿ ಪ್ರಯತ್ನಿಸಿದೆವು, ಸಾರ್ಥಕವಾಗಲಿಲ್ಲ, ಇಲ್ಲಿಗೆ ನಿಲ್ಲಿಸೋಣವೆಂದನು. ಆಕೆಯೂ ಒಪ್ಪಿ, ಕೈಕುಲುಕಿ, ಬಾಗಿಲವರೆಗೆ ನಡೆದಳು. ಅಲ್ಲಿ ಹಿಂದಿರುಗಿ ನೋಡಿ, ದೊಡ್ಡವರಿಗೂ ಇಲ್ಲಿ ಸಹಾಯ ಮಾಡುವುದುಂಟೇ ಎಂದು ಕೇಳಿದಳು. ಉಂಟೆಂದಾಗ, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತು, ಗಂಡನೊಡನೆ ತನ್ನ ಬಾಳು ಒಡೆದುಹೋಗಿದ್ದ ಬಗೆಯನ್ನೂ ತನ್ನ ಹತಾಶೆಯನ್ನೂ ಹೊಳೆಯಂತೆ ಹರಿಸಿದಳು. ಅದುವರೆಗೆ ಆಕೆ ಹೇಳಿದ್ದ ಒಣ ವೃತ್ತಾಂತಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆ ಬಳಿಕ ತಾಯಿಗೂ ಗುಣವಾಯಿತು. ಮಗನೂ ಹಾದಿಗೆ ಬಂದನು.

ಎಲ್ಲಿ ನೋಯುತ್ತಿದೆಯೆಂಬುದು ನೊಂದವನಿಗೆ ಗೊತ್ತು. ಯಾವ ದಿಕ್ಕಿಗೆ ಹೋಗಬೇಕೆಂಬುದನ್ನೂ ಅವನೇ ಬಲ್ಲನು. ತಜ್ಞನು ತನ್ನ ಜಾಣತನವನ್ನು ಮೆರೆಯದೆ ಅವನ ಜೊತೆಯಲ್ಲಿ ನಡೆದರೆ ಸಾಕು. ಇದು ಆ ದಿನ ರಾಜರ್ಸನು ಕಲಿತ ಪಾಠ. ‘ರೋಗಿ’ ಎಂಬ ಹೆಸರನ್ನೇ ಆತನು ಬಿಟ್ಟನು. ಅದರ ಬದಲು ಆತನು ಬಳಸಿದ ಮಾತನ್ನು ಕನ್ನಡಿಸಹೊರಟರೆ ‘ಕಕ್ಷಿಗಾರ’ ಎಂದಾಗುವುದು. ನಮ್ಮಲ್ಲಿ ಆ ಪದಕ್ಕೆ ಕಚೇರಿಯ ವಾಸನೆ ಹತ್ತಿದೆ. ಆದರೂ ವಕೀಲನನ್ನು ಗೊತ್ತುಮಾಡುವವನು ಕಕ್ಷಿಗಾರನೇ, ಮೊಕದ್ದಮೆಯೂ ಅವನದೇ ಎಂಬ ಅರ್ಥದಲ್ಲಿ ಅದು ಒಪ್ಪುವುದು. 1942ರಲ್ಲಿ ಪ್ರಕಟವಾದ ಗ್ರಂಥದಲ್ಲಿ ರಾಜರ್ಸನು ಇನ್ನೊಂದು ಸಾಹಸವನ್ನು ಮಾಡಿದನು. ಒಬ್ಬ ಕಕ್ಷಿಗಾರನೊಡನೆ ನಡೆದ ಎಂಟು ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ, ಹೆಸರನ್ನು ಮರೆಸಿ, ಅಕ್ಷರ ಬಿಡದೆ ಅಚ್ಚುಮಾಡಿಸಿದನು. ಅದುವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದುದನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದಾಯಿತು.

ಕೇಳುವವನಲ್ಲಿ ಮೂರು ಗುಣಗಳಿರಬೇಕೆಂದು 1957ರ ಲೇಖನವೊಂದರಲ್ಲಿ ಆತನು ನಿರ್ಣಯಿಸಿದನು. ಮೊದಲನೆಯದು ಒಳಗೊಂದು ಹೊರಗೊಂದು ಇಲ್ಲದ ನಿಷ್ಕಪಟತೆ. ಎರಡನೆಯದು ಷರತ್ತಿಲ್ಲದ ಆದರ. ನೀನು ಹೀಗಿದ್ದರೆ ಮಾತ್ರ ನನ್ನ ಪ್ರೀತಿ ನಿನಗುಂಟು ಎಂಬ ಕರಾರನ್ನು ಹಾಕದಿರುವುದು. ಇದಕ್ಕೆ, ಮಾಡಿದುದೆಲ್ಲ ಸರಿಯೆಂದು ತಲೆದೂಗುವುದೆಂಬ ಅರ್ಥವಿಲ್ಲ. ಮಾಡಿದ ಕೆಲಸವನ್ನು ಒಪ್ಪದಿದ್ದರೂ ಮಾಡಿದ ಮನುಷ್ಯನನ್ನು ಹೊರಗೆ ಹಾಕದಿರುವುದೆಂದು ಅರ್ಥ. ಮೂರನೆಯದು, ಇನ್ನೊಬ್ಬನ ಅಂತರಂಗವನ್ನು ತನ್ನದೋ ಎಂಬಂತೆ ಅನುಭವಿಸುವುದು, ಆದರೆ ಆ ‘ಎಂಬಂತೆ’ಯನ್ನು ಮರೆಯದಿರುವುದು. ನಮ್ಮವರು ಇದಕ್ಕೆ ಪರಕಾಯಪ್ರವೇಶವೆಂದು ಹೆಸರಿಟ್ಟಿದ್ದರು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಐತಿಹ್ಯವು ವಾಚಕರಿಗೆ ತಿಳಿದೇ ಇದೆ. ಗುರುಗಳು ಅರಮನೆಯ ಸುಖದಲ್ಲಿ ತಮ್ಮನ್ನು ಮರೆತಾಗ ಶಿಷ್ಯರು ಹೋಗಿ ಎಚ್ಚರಿಸಬೇಕಾಯಿತು. ಇನ್ನೊಬ್ಬರ ದುಃಖವನ್ನು ಹೊಕ್ಕವನು ಅಲ್ಲಿಯೇ ಕಳೆದುಹೋದರೆ ಇಬ್ಬರೂ ಮುಳುಗಿದಂತೆ. ದಡವನ್ನು ಬಿಡದೆಯೇ ಕೂಗಿದರೆ ಮುಳುಗುವವನಿಗೆ ಅದರಿಂದ ಫಲವಿಲ್ಲ.

ಇಲ್ಲಿ ಸಾಹಿತ್ಯಾಸಕ್ತರು ಗಮನಿಸಬೇಕಾದ ಒಂದು ಮಾತುಂಟು. ರಾಜರ್ಸನು ಆಪ್ತಸಲಹೆಗಾರನಿಂದ ಬಯಸುವುದನ್ನೇ ನಮ್ಮ ಅಲಂಕಾರಶಾಸ್ತ್ರಜ್ಞರು ಕಾವ್ಯವನ್ನು ಓದುವವನಿಂದ ಬಯಸಿದರು. ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳವನೇ ಸಹೃದಯನು. ಓದುವಾಗ ಅವನು ತನ್ನ ಲಾಭನಷ್ಟಗಳನ್ನು ಬದಿಗಿಡುತ್ತಾನೆ. ತನ್ನ ತೀರ್ಪನ್ನು ತಡೆದುಕೊಳ್ಳುತ್ತಾನೆ. ಕಣ್ವರ ಆಶ್ರಮದಲ್ಲಿ ಶಕುಂತಲೆಯು ಮೈಮರೆತು ಕುಳಿತಿರುವಾಗ ದುರ್ವಾಸರು ಬಂದು ಶಪಿಸಿ ಹೋಗುವರು. ನಾಟಕವನ್ನು ನೋಡುತ್ತಿರುವ ನಮ್ಮಲ್ಲಿ ಯಾರಾದರೂ ಎದ್ದುನಿಂತು, ‘ಅತಿಥಿ ಬಂದಾಗ ಮೈಮೇಲೆ ಎಚ್ಚರ ಬೇಡವೇನಮ್ಮ?’ ಎಂದು ಆಕೆಯನ್ನು ಗದರಿಸುವೆವೆ? ಇಲ್ಲ, ಆಕೆಯ ತವಕವನ್ನು ತಿಳಿದು ಮರುಗುವೆವು. ಅದೇ ನಾವು ಮನೆಗೆ ಬಂದು, ತೌರಿನ ಯೋಚನೆಯಲ್ಲಿ ಮೈಮರೆತ ಸೊಸೆಯು ಹಾಲನ್ನು ಉಕ್ಕಿಸಿದರೆ ಆಡುವ ಮಾತು ಯಾವುದೆಂಬುದನ್ನು ನಾನು ಬರೆಯಬೇಕಾಗಿಲ್ಲ. ಗ್ರಂಥದ ಮುಂದೆ ನಾವು ಸಹೃದಯರು, ಮನೆಯವರ ಮುಂದೆ ನ್ಯಾಯಾಧೀಶರು. ವಿದ್ಯಾವಂತರ ಮನೆಗಳಲ್ಲಿ ಈ ವ್ಯತ್ಯಾಸವು ಹೆಚ್ಚೇ ಹೊರತು ಕಡಮೆಯಲ್ಲವೆಂದು ನನ್ನ ಅನುಭವ.

ಇನ್ನು ನಮ್ಮ ಮನೆಯ ಸಂಗತಿ. 2011ರಲ್ಲಿ ನನ್ನ ಅಕ್ಕನ ಒಬ್ಬನೇ ಮಗನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ಲಿನ ಅಪಘಾತದಲ್ಲಿ ತೀರಿಕೊಂಡನು. ಭಾವನವರು ಮೊದಲೇ ಇಲ್ಲವಾಗಿದ್ದುದರಿಂದ ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಅಂದಿನಿಂದ ಆಕೆಯ ಬಾಯಲ್ಲಿ ಒಂದೇ ಕಥೆ. ಆ ಬೆಳಗ್ಗೆ ಅವನು ಎದ್ದುದು, ಮಿಂದುದು, ನಿಂತೇ ಕಾಫಿ ಕುಡಿದುದು, ಅರ್ಧ ಲೋಟ ಹಾಗೆಯೇ ಬಿಟ್ಟು ಹೊರಟುದು. ಕಥೆಯು ಅರ್ಧ ಲೋಟಕ್ಕೆ ಬಂದು ನಿಲ್ಲುವುದು. ಮತ್ತೆ ಮೊದಲಿಂದ ಆರಂಭವಾಗುವುದು. ನೋಡಲು ಬಂದವರೆಲ್ಲರೂ ಒಳ್ಳೆಯವರೇ. ಒಬ್ಬರು ಋಣಾನುಬಂಧವನ್ನು ವಿವರಿಸಿದರು. ಒಬ್ಬರು ಆತ್ಮಕ್ಕೆ ಸಾವಿಲ್ಲವೆಂದರು. ಒಬ್ಬರು ತಮ್ಮ ಊರಿನಲ್ಲಿ ಇದಕ್ಕಿಂತ ಘೋರವಾದುದು ನಡೆದುದನ್ನು ಹೇಳಿದರು. ಮತ್ತೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಆ ಮಾತನ್ನು ಆಕೆ ಎತ್ತದಂತೆ ನೋಡಿಕೊಳ್ಳಿ, ಎತ್ತಿದರೆ ಬೇರೆ ಮಾತಿಗೆ ತಿರುಗಿಸಿಬಿಡಿ ಎಂದು ಉಪಾಯ ಹೇಳಿಕೊಟ್ಟರು. ಅಕ್ಕನು ಎಲ್ಲರಿಗೂ ‘ಹೌದು, ಹೌದು’ ಎನ್ನುತ್ತಿದ್ದಳು. ಅವರು ಎದ್ದುಹೋದ ಮೇಲೆ ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು.

ಎರಡು ತಿಂಗಳಾದ ಮೇಲೆ ನಮ್ಮ ಸೋದರತ್ತೆಯು ಹಳ್ಳಿಯಿಂದ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಸಹಿ ಮಾಡಲು ಬರುವುದರ ಹೊರತು ಬೇರೆ ಅಕ್ಷರವನ್ನು ಕಾಣಳು. ಬಂದವಳು ಸಮಾಧಾನದ ಮಾತನ್ನೇ ಆಡಲಿಲ್ಲ. ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಅಕ್ಕನ ಮಗ್ಗುಲಲ್ಲಿ ಕುಳಿತು ಕಲ್ಲನ್ನು ಆರಿಸತೊಡಗಿದಳು. ಅಕ್ಕನು ಕಥೆಯನ್ನು ತೆಗೆದಳು. ಅತ್ತೆಯು ‘ಹೂಂ’ ಎನ್ನುತ್ತ ಕೇಳಿದಳು. ಮರುದಿನವೂ ಅದೇ ಕಥೆ, ಅದೇ ಹೂಂಕಾರ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಕಥೆಯು ಅರ್ಧ ಲೋಟಕ್ಕೆ ಬಂದು ನಿಂತಾಗ ಅತ್ತೆಯು ತಲೆಯೆತ್ತಿ, ‘ಆ ಲೋಟ ಯಾವುದೇ?’ ಎಂದು ಕೇಳಿದಳು. ಅಕ್ಕನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದುಹೋಗಿ, ತನ್ನ ಪೆಟ್ಟಿಗೆಯ ಸೀರೆಗಳ ಕೆಳಗಿನಿಂದ ಒಂದು ಸ್ಟೀಲ್ ಲೋಟವನ್ನು ತಂದು ಅತ್ತೆಯ ಮುಂದೆ ಇಟ್ಟಳು. ಅದು ಅಲ್ಲಿದ್ದುದು ಮನೆಯ ಯಾರಿಗೂ ತಿಳಿದಿರಲಿಲ್ಲ. ಅತ್ತೆಯು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು, ಏನೂ ಹೇಳಲಿಲ್ಲ. ಆಗ ಅಕ್ಕನು ನಾವು ಅದುವರೆಗೆ ಕೇಳದ ಮಾತನ್ನು ಹೇಳಿದಳು. ‘ಹಿಂದಿನ ರಾತ್ರಿ ಇಬ್ಬರಿಗೂ ಜಗಳವಾಗಿತ್ತು ಅತ್ತೆ. ಆ ಗಾಡಿ ಬೇಡ ಅಂತ ಎಷ್ಟು ಹೇಳಿದೆ. ನನ್ನ ಮಾತು ಕೇಳಲಿಲ್ಲ. ಅವನ ಮೇಲೆ ನನಗೆ ಸಿಟ್ಟು, ಇವತ್ತಿಗೂ ಸಿಟ್ಟು.’ ಅತ್ತೆಯು, ‘ಬಾರದೆ ಇರುತ್ತದೆಯೇ ಮಗಳೇ’ ಎಂದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಅಷ್ಟು ಮಾತ್ರ ಕೇಳಿಸಿತು. ಆಮೇಲೆ ಇಬ್ಬರೂ ಅಳುವುದು ಕೇಳಿಸಿತು.

ಅಕ್ಕನ ದುಃಖವು ಅಂದಿಗೆ ಮುಗಿಯಿತೆಂದು ನಾನು ಹೇಳುವುದಿಲ್ಲ. ಅಂತಹ ದುಃಖಕ್ಕೆ ಮುಗಿತಾಯವಿಲ್ಲ. ಆದರೆ ಕಥೆಯು ಅರ್ಧ ಲೋಟವನ್ನು ದಾಟಿತು. ಮಗನು ಒಂದನೆಯ ತರಗತಿಯಲ್ಲಿ ಬಳಪ ತಿನ್ನುತ್ತಿದ್ದುದು, ಈಜಲು ಹೋಗಿ ಏಟು ತಿಂದುದು, ಮೊದಲ ಸಂಬಳದಲ್ಲಿ ತಾಯಿಗೆ ಕನ್ನಡಕ ಮಾಡಿಸಿದುದು, ಹೀಗೆ ಇಪ್ಪತ್ತನಾಲ್ಕು ವರ್ಷಗಳೂ ಮೆಲ್ಲನೆ ಅದರೊಳಕ್ಕೆ ಬಂದುವು. ಸತ್ತ ಮಗನ ಮೇಲೆ ತಾಯಿಗೆ ಸಿಟ್ಟಿರಬಹುದೆಂಬುದಕ್ಕೆ ನಮ್ಮ ಸಾಂತ್ವನದ ಮಾತುಗಳಲ್ಲಿ ಎಡೆಯೇ ಇರಲಿಲ್ಲ. ಋಣಾನುಬಂಧದಲ್ಲಿ ಸಿಟ್ಟಿಗೆ ಸ್ಥಳವಿಲ್ಲ; ಆತ್ಮದ ಅಮರತ್ವದಲ್ಲಿಯೂ ಇಲ್ಲ. ಅತ್ತೆಯ ಮೊರದ ಪಕ್ಕದಲ್ಲಿ ಮಾತ್ರ ಅದಕ್ಕೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ರಾಚೆಸ್ಟರಿನ ಬಾಗಿಲಲ್ಲಿ ಹಿಂದಿರುಗಿದ ತಾಯಿಯ ಕಥೆಯನ್ನು ಓದಿದಾಗ ನನಗೆ ಈ ಲೋಟದ ನೆನಪಾದುದು ಸಹಜವೇ.

ಇಷ್ಟನ್ನು ಕೇಳಿದ ಹಿರಿಯರೊಬ್ಬರು ನನಗೆ ಒಂದು ಆಕ್ಷೇಪವನ್ನು ಒಡ್ಡಿದರು. ‘ಎಲ್ಲರೂ ಹೂಂಗುಟ್ಟುತ್ತ ಕುಳಿತರೆ ಬುದ್ಧಿ ಹೇಳುವವರು ಯಾರು? ಹಿರಿಯರಾದುದು ಏತಕ್ಕೆ?’ ಎಂಬುದು ಅವರ ಪ್ರಶ್ನೆ. ಇದು ತಳ್ಳಿಹಾಕುವ ಮಾತಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಯು ಬಹಳವಾಗಿ ಉಪದೇಶದ ರೂಪದಲ್ಲಿಯೇ ಹರಿದುಬರುವುದು. ‘ಬಿಸಿಲಿಗೆ ಹೋಗಬೇಡ’ ಎಂದು ಗದರುವ ಅಜ್ಜಿಯು ಅದಕ್ಕಿಂತ ಬೇರೆ ರೀತಿಯಲ್ಲಿ ಮುದ್ದಿಸಲು ಅರಿಯಳು. ಇದೇ ಸಂದೇಹವನ್ನು ಹೋಲುವ ಒಂದು ಮಾತನ್ನು ಯೆಹೂದಿ ತತ್ತ್ವಜ್ಞಾನಿಯಾದ ಮಾರ್ಟಿನ್ ಬೂಬರನು ರಾಜರ್ಸನ ಮುಂದೆಯೇ ಎತ್ತಿದ್ದನು. 1957ರ ಏಪ್ರಿಲಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇಬ್ಬರಿಗೂ ಬಹಿರಂಗ ಸಂವಾದ ನಡೆಯಿತು. ಸಹಾಯವನ್ನು ಬೇಡಿ ಬಂದವನೂ ಸಹಾಯಮಾಡುವವನೂ ಸಮಾನರೆಂಬುದನ್ನು ಬೂಬರನು ಒಪ್ಪಲಿಲ್ಲ. ಮನುಷ್ಯನನ್ನು ಈಗ ಇರುವಂತೆ ಸ್ವೀಕರಿಸುವುದು ಮೊದಲ ಹೆಜ್ಜೆ ಮಾತ್ರ. ಅವನು ಏನಾಗಬಲ್ಲನೋ ಅದಕ್ಕಾಗಿ ಕೆಲವೊಮ್ಮೆ ಅವನೊಡನೆಯೇ ಸೆಣಸಬೇಕಾಗುವುದು ಎಂದು ಆತನ ಅಭಿಪ್ರಾಯ. ನನಗೂ ಇದು ನಿಜವೆಂದೇ ತೋರುತ್ತದೆ. ಆದರೆ ಸೆಣಸುವ ಹಕ್ಕು ದೊರೆಯುವುದು ಮೊದಲ ಹೆಜ್ಜೆಯನ್ನು ಇಟ್ಟವನಿಗೆ. ಕೇಳದೆ ಹೇಳಿದ ಬುದ್ಧಿಯು, ನಾಡಿ ನೋಡದೆ ಕೊಟ್ಟ ಔಷಧದಂತೆ, ಒಳ್ಳೆಯದಾದರೂ ತಗಲುವುದಿಲ್ಲ.

ಇನ್ನೊಂದು ಆಕ್ಷೇಪವು ಹೊಸ ಕಾಲದ್ದು. ಹೇಳಿದುದನ್ನೇ ತಿರುಗಿ ಹೇಳುವುದಾದರೆ ಒಂದು ಯಂತ್ರವೂ ಆ ಕೆಲಸವನ್ನು ಮಾಡೀತು ಎಂಬುದು. ಮಾಡಿಯೂ ಇದೆ. 1966ರಲ್ಲಿ ಅಮೇರಿಕೆಯ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿಯು ಎಲೈಜಾ ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ಪ್ರಕಟಿಸಿದನು. ರಾಜರ್ಸನ ಮಾದರಿಯ ಸಲಹೆಗಾರನಂತೆ ನಟಿಸುವ ಪಾಠವನ್ನು ಅದಕ್ಕೆ ಕಲಿಸಿದ್ದನು. ನನಗೆ ಬೇಸರವೆಂದು ಬೆರಳಚ್ಚು ಮಾಡಿದರೆ, ನಿಮಗೆ ಬೇಸರವಾಗಿದೆಯೆ ಎಂಬ ರೀತಿಯಲ್ಲಿ ಅದು ಮಾತನ್ನು ಮಗುಚಿ ಹಾಕುತ್ತಿತ್ತು. ಅರ್ಥವು ಅದಕ್ಕೆ ತೃಣದಷ್ಟೂ ತಿಳಿಯದು. ಯಂತ್ರವು ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಆತನ ಕಾರ್ಯದರ್ಶಿನಿಯೇ, ಅದರೊಡನೆ ನಾಲ್ಕು ಮಾತಾಡಿದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗುವಿರಾ ಎಂದು ಆತನನ್ನು ಕೇಳಿಕೊಂಡಳಂತೆ. ವೈಜನ್‌ಬಾಮನು ಬೆಚ್ಚಿದನು, 1976ರಲ್ಲಿ ಯಂತ್ರಗಳಿಗೆ ಒಪ್ಪಿಸಬಾರದ ಕೆಲಸಗಳೂ ಉಂಟೆಂದು ಒಂದು ಗ್ರಂಥವನ್ನೇ ಬರೆದನು. ಈಗಂತೂ ಎಲೈಜಾಳ ಮೊಮ್ಮಕ್ಕಳು ಕೈಯೊಳಗಿನ ಫೋನಿನಲ್ಲಿಯೇ ಕುಳಿತು, ಹಗಲೂ ಇರುಳೂ ಬೇಸರವಿಲ್ಲದೆ ಉತ್ತರ ಕೊಡುತ್ತಿವೆ. ನಮ್ಮ ಹುಡುಗರು ಮನೆಯವರಿಗೆ ಹೇಳದುದನ್ನು ಅವಕ್ಕೆ ಹೇಳುತ್ತಿರುವರು.

ಇದರಿಂದ ರಾಜರ್ಸನು ಸೋತನೆಂದು ನಾನು ಭಾವಿಸುವುದಿಲ್ಲ. ಕೇಳುವವರಿಗಾಗಿ ಮನುಷ್ಯನು ಎಷ್ಟು ಹಸಿದಿರುವನೆಂಬುದು ಇದರಿಂದ ಗೊತ್ತಾಗುವುದು. ಆತನ ಮೂರು ಗುಣಗಳಲ್ಲಿ ಮೊದಲನೆಯದಾದ ನಿಷ್ಕಪಟತೆಯು, ಒಳಗೆಂಬುದೇ ಇಲ್ಲದ ಎಲೈಜಾಳಲ್ಲಿ ಇರುವುದೆಂತು? ಯಂತ್ರಕ್ಕೆ ನಮ್ಮ ಮಾತಿನಿಂದ ನಿದ್ದೆಗೆಡುವ ಭಯವಿಲ್ಲ. ಅತ್ತೆಯು ಅತ್ತಳು, ಆ ಅಳುವಿನಲ್ಲಿ ಆಕೆಯು ಹಿಂದೆಂದೋ ಕಳೆದುಕೊಂಡ ಸ್ವಂತ ಮಗುವಿನ ನೆನಪೂ ಇದ್ದಿರಬೇಕು. ಕೇಳುವವನಿಗೂ ನೋಯಬಲ್ಲ ಒಂದು ಹೃದಯವಿದೆಯೆಂಬ ಭರವಸೆಯಿಂದಲೇ ಹೇಳುವವನಿಗೆ ಧೈರ್ಯ ಬರುವುದು.

ಈ ವಿದ್ಯೆಗೆ ಮೇರೆಯೂ ಉಂಟು. ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ವಿಸ್ಕಾನ್ಸಿನ್ನಿನ ಒಂದು ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರವಾದ ಮನೋರೋಗದಿಂದ ನರಳುವವರ ನಡುವೆ ರಾಜರ್ಸನೂ ಆತನ ಸಂಗಡಿಗರೂ ತಮ್ಮ ಪದ್ಧತಿಯನ್ನು ಪ್ರಯೋಗಿಸಿದರು. 1967ರಲ್ಲಿ ಅದರ ವರದಿ ಹೊರಬಂದಾಗ, ಒಟ್ಟಿನಲ್ಲಿ ನಿರೀಕ್ಷಿಸಿದ ಫಲವು ದೊರೆತಿರಲಿಲ್ಲ. ಅಂತಹ ರೋಗಗಳಿಗೆ ವೈದ್ಯರೂ ಔಷಧವೂ ಬೇಕು. ನಮ್ಮ ಬೆಂಗಳೂರಿನಲ್ಲಿ 1954ರಿಂದ ಅದಕ್ಕೆಂದೇ ದೊಡ್ಡ ಸಂಸ್ಥೆಯೊಂದು ನಡೆದುಬಂದಿದೆ. ಈಗ ಅದನ್ನು ನಿಮ್ಹಾನ್ಸ್ ಎಂದು ಕರೆಯುತ್ತೇವೆ. ಪ್ರೀತಿಯಿಂದ ಕೇಳಿದರೆ ಎಲ್ಲವೂ ವಾಸಿಯಾದೀತೆಂದು ರೋಗಿಯನ್ನು ಮನೆಯಲ್ಲಿಯೇ ಇಟ್ಟುಕೊಂಡು ಕಾಲ ಕಳೆಯುವುದು, ಕೇಳದಿರುವಷ್ಟೇ ನಿರ್ದಯವಾದುದು. ಆದರೆ ಔಷಧವನ್ನು ಸೇವಿಸುವವನಿಗೂ ಕೇಳುವವರು ಬೇಕಾಗುವರೆಂಬುದನ್ನು ಮರೆಯಬಾರದು.

ಕೊನೆಯದಾಗಿ, ಮನೆಮನೆಯಲ್ಲಿಯೂ ಮಾಡಿನೋಡಬಹುದಾದ ಒಂದು ಸಣ್ಣ ಪ್ರಯೋಗವನ್ನು ಹೇಳಿ ಮುಗಿಸುವೆನು. ಇದು ರಾಜರ್ಸನು 1951ರ ಭಾಷಣವೊಂದರಲ್ಲಿ ಸೂಚಿಸಿದುದು. ಮುಂದಿನ ಸಲ ಮನೆಯಲ್ಲಿ ವಾಗ್ವಾದ ಹುಟ್ಟಿದಾಗ ಒಂದು ಕಟ್ಟಳೆಯನ್ನು ಹಾಕಿಕೊಳ್ಳಿರಿ. ಎದುರಾಳಿಯು ಹೇಳಿದುದನ್ನೂ ಅದರ ಹಿಂದಣ ಭಾವವನ್ನೂ, ಅವನು ‘ಸರಿ, ನಾನು ಹೇಳಿದುದು ಅದೇ’ ಎಂದು ಒಪ್ಪುವಂತೆ ನೀವು ಮೊದಲು ಹೇಳಬೇಕು. ಆಮೇಲೆ ನಿಮ್ಮ ಮಾತು. ಕೇಳಲು ಇದು ಮಕ್ಕಳ ಆಟದಂತಿದೆ. ಕಾಲೇಜನ್ನು ಬಿಡುತ್ತೇನೆನ್ನುವ ಮಗನೊಡನೆ, ಆಸ್ತಿಯ ಪಾಲನ್ನು ಕೇಳುವ ತಮ್ಮನೊಡನೆ, ತಾನು ಮೆಚ್ಚಿದವನನ್ನೇ ಮದುವೆಯಾಗುವೆನೆನ್ನುವ ಮಗಳೊಡನೆ ಆಡಿನೋಡಿದರೆ ಇದು ಎಷ್ಟು ಕಠಿನವೆಂಬುದು ತಿಳಿಯುವುದು. ಅವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳುವಷ್ಟರಲ್ಲಿ ನಮ್ಮ ಬಾಯಲ್ಲಿ ಸಿದ್ಧವಾಗಿದ್ದ ಉತ್ತರವು ಅರ್ಧ ಕರಗಿರುತ್ತದೆ. ಇನ್ನೊಬ್ಬನನ್ನು ನಿಜವಾಗಿ ತಿಳಿದುಕೊಂಡರೆ ನಾವೇ ಬದಲಾಗಬೇಕಾದೀತೆಂಬ ಅಪಾಯವು ಅದರಲ್ಲಿದೆಯೆಂದು ರಾಜರ್ಸನು ಎಚ್ಚರಿಸಿದ್ದನು. ನಾವು ಕೇಳಲು ಹಿಂಜರಿಯುವುದು ಆ ಅಪಾಯಕ್ಕೆ ಹೆದರಿಯೇ ಇರಬೇಕು. ಮಕ್ಕಳು ನಮ್ಮ ಮಾತನ್ನು ಕೇಳಬೇಕೆಂಬ ಆಸೆಯುಳ್ಳ ಹಿರಿಯರು, ಆ ಅಪಾಯವನ್ನು ತಾವೇ ಮೊದಲು ಕೈಗೆತ್ತಿಕೊಂಡರೆ ಒಳಿತು.